ಸುಂಟಿಕೊಪ್ಪದಿಂದ ಥಾಯ್ಲೆಂಡ್ ವೀಸಾ: ಕಾಫಿ ದುಡ್ಡಿನ ಲೆಕ್ಕ ಕೊಟ್ಟು ಸಾಕಾಯ್ತು

ಅಂತೂ ವೀಸಾ ಕೈಗೆ ಬಂತು. ಐದು ವರ್ಷದ್ದು. ಥಾಯ್ಲೆಂಡ್‌ನವರು ಡಿಟಿವಿ (ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ) ಅಂತ ಕರೆಯುವ ವೀಸಾ ಇದು. ಬೇರೆ ದೇಶದ ಕಂಪನಿಗೆ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತಾ ಅಲ್ಲಿ ಉಳಿಯಬಹುದು. ಅರ್ಜಿ ಹಾಕುವ ಮೊದಲು ನಾನು ತುಂಬಾ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಬೆಂಗಳೂರಿನ ಕಂಪನಿಗಳಲ್ಲಿ ತಿಂಗಳ ಸಂಬಳ ತಗೊಳ್ಳುವವರ ಅನುಭವ. ಸಂಬಳದ ಚೀಟಿ ಹಾಕಿದೆ, ಎಚ್‌ಆರ್ ಪತ್ರ ಹಾಕಿದೆ, ವೀಸಾ ಬಂತು, ಮುಗೀತು. ನಮ್ಮ ಹಾಗೆ ಊರಲ್ಲಿ ಕೂತು ಕೆಲಸ ಮಾಡುವವರು, ಅಪ್ಪನ ಜೊತೆ ಜಂಟಿ ಖಾತೆ ಇರುವವರು, ಕಾಫಿ ದುಡ್ಡೂ ಕೆಲಸದ ದುಡ್ಡೂ ಒಂದೇ ಪಾಸ್‌ಬುಕ್ಕಿಗೆ ಬೀಳುವವರು ಏನು ಮಾಡಬೇಕು ಅಂತ ಒಬ್ಬರೂ ಬರೆದಿರಲಿಲ್ಲ. ಅದಕ್ಕೇ ಇದು.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಜರ್ಮನಿಯ ಒಂದು ಸಣ್ಣ ಕಂಪನಿಗೆ, ಕಾಂಟ್ರಾಕ್ಟ್ ಮೇಲೆ. ಕೋವಿಡ್ ಹೊತ್ತಲ್ಲಿ ಕೊಡಗಿನ ಸುಂಟಿಕೊಪ್ಪದ ಮನೆಗೆ ಬಂದವಳು ವಾಪಸ್ ಬೆಂಗಳೂರಿಗೆ ಹೋಗಲೇ ಇಲ್ಲ. ಎಂಟು ತಿಂಗಳು ಊರಲ್ಲಿ ಸ್ವರ್ಗ. ಮಳೆಗಾಲದಲ್ಲಿ ಮಾತ್ರ ಕಷ್ಟ. ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತೆ ಅಂತ ಲೈನ್‌ಮನ್‌ಗೂ ಗೊತ್ತಿರಲ್ಲ. ಯುಪಿಎಸ್ ಸತ್ತ ಮೇಲೆ ಫೈಬರ್ ಇದ್ದೂ ಪ್ರಯೋಜನ ಇಲ್ಲ. ಮೀಟಿಂಗ್ ಮಧ್ಯೆ ಮಾಯವಾಗಿ, ಸ್ಕೂಟರ್ ಹತ್ತಿ ಕುಶಾಲನಗರಕ್ಕೆ ಹೋಗಿ ಗೆಳತಿಯ ಮನೆಯಲ್ಲಿ ಕೂತು ಕೆಲಸ ಮುಗಿಸಿದ್ದು ಎಷ್ಟು ಸಲವೋ. ಮಳೆಗಾಲದ ನಾಲ್ಕು ತಿಂಗಳು ಬೇರೆ ಎಲ್ಲಾದರೂ ಇರೋಣ ಅನ್ನೋ ಯೋಚನೆ ಶುರುವಾಗಿದ್ದೇ ಹೀಗೆ.

"ನಿಂಗೆ ಇಲ್ಲಿ ಏನು ಕಮ್ಮಿ ಆಗಿದೆ?" ಅಂತ ಅಪ್ಪ. ಕರೆಂಟು ಅಂದೆ. ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ.

ಮೊದಲು ನೋಡಿದ್ದು ಪೋರ್ಚುಗಲ್. ಅಲ್ಲಿನ ಡಿ8 ವೀಸಾಕ್ಕೆ ಆ ದೇಶದ ಕನಿಷ್ಠ ವೇತನದ ನಾಲ್ಕು ಪಟ್ಟು ತಿಂಗಳ ಆದಾಯ ಇರಬೇಕು. 2025ರಲ್ಲಿ ಕನಿಷ್ಠ ವೇತನ 870 ಯೂರೋ, ಅಂದರೆ ತಿಂಗಳಿಗೆ 3,480 ಯೂರೋ. ನನಗೆ ಅಷ್ಟು ಬರಲ್ಲ, ಅಲ್ಲಿಗೆ ಬಿಟ್ಟೆ. ಜಪಾನ್ 2024ರ ಮಾರ್ಚ್ ಕೊನೆಗೆ ಇಂಥದ್ದೇ ವೀಸಾ ತಂದಿತ್ತು. ಅವರ ದೇಶಗಳ ಪಟ್ಟಿಯಲ್ಲಿ ಭಾರತವೇ ಇಲ್ಲ. ಮಲೇಷ್ಯಾದ ಡಿ ರಾಂಟೌ ಪಾಸ್ ಚೆನ್ನಾಗಿಯೇ ಇದೆ, ಟೆಕ್ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ ಸಾಕು. ಆದರೆ ಅಲ್ಲಿ ಒಮ್ಮೆಗೆ ಸಿಗೋದು ಹೆಚ್ಚೆಂದರೆ ಒಂದು ವರ್ಷ. ವರ್ಷವರ್ಷ ಅರ್ಜಿ ಹಾಕುವ ತಾಳ್ಮೆ ನನಗಿಲ್ಲ.

ಥಾಯ್ಲೆಂಡ್ ಡಿಟಿವಿ ಶುರುವಾಗಿದ್ದು 2024ರ ಜುಲೈಯಲ್ಲಿ. ಐದು ವರ್ಷ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು, ಪ್ರತಿ ಸಲ 180 ದಿನ ಇರಬಹುದು. 20 ವರ್ಷ ತುಂಬಿರಬೇಕು. ತಿಂಗಳ ಆದಾಯಕ್ಕೆ ಇಂತಿಷ್ಟೇ ಅನ್ನೋ ಗೆರೆ ಇಲ್ಲ, ಬದಲಿಗೆ ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು. ನಾನು ಅರ್ಜಿ ಹಾಕುವಾಗಿನ ರೇಟಿನಲ್ಲಿ ಹದಿಮೂರು ಲಕ್ಷ ಚಿಲ್ಲರೆ ರೂಪಾಯಿ. ಥಾಯ್ ಕಂಪನಿಗೆ ಕೆಲಸ ಮಾಡುವ ಹಾಗಿಲ್ಲ. ಅಂದಹಾಗೆ ಮುಯ್ ಥಾಯ್ ಬಾಕ್ಸಿಂಗ್ ಕಲಿಯೋರು, ಥಾಯ್ ಅಡುಗೆ ಕಲಿಯೋರು, ಚಿಕಿತ್ಸೆಗೆ ಹೋಗೋರು ಕೂಡ ಇದೇ ವೀಸಾ ಕೇಳಬಹುದು. ಅವರ ದಾಖಲೆಗಳೇ ಬೇರೆ, ನನಗೆ ಆ ದಾರಿಯ ಅನುಭವ ಇಲ್ಲ.

"ವೀಸಾ ಇಲ್ಲದೇ 60 ದಿನ ಬಿಡ್ತಾರಲ್ಲ, ಸುಮ್ನೆ ಯಾಕೆ ಒದ್ದಾಟ?" ಅಂತ ಎಲ್ಲರೂ ಕೇಳಿದರು. ಹೌದು, 2024ರ ಜುಲೈ 15ರಿಂದ ಭಾರತೀಯರಿಗೆ ಆ ಸೌಕರ್ಯ ಇತ್ತು, ನಾನು ಅರ್ಜಿ ಹಾಕುವಾಗಲೂ ಇತ್ತು. ಆದರೆ ಅದು ಪ್ರವಾಸಿಗಳಿಗೆ. ನಾಲ್ಕು ತಿಂಗಳು ಮನೆ ಬಾಡಿಗೆಗೆ ಹಿಡಿದು ದಿನಾ ಕೆಲಸ ಮಾಡುವವಳು ಪ್ರವಾಸಿ ಅಂತ ಹೇಳಿಕೊಂಡು ಓಡಾಡೋದು ನನಗೆ ಸರಿ ಕಾಣಲಿಲ್ಲ. ಇಮಿಗ್ರೇಷನ್ ಕೌಂಟರಿನಲ್ಲಿ ಪ್ರತಿ ಸಲ ಎದೆ ಢವಢವ ಅನ್ನಿಸಿಕೊಳ್ಳೋದೂ ಬೇಡ.

ಪಾಸ್‌ಪೋರ್ಟಿನಿಂದ ಶುರು ಮಾಡಿ. ನನ್ನದು ಎರಡು ವರ್ಷದೊಳಗೆ ಮುಗಿಯುತ್ತಿತ್ತು. ಐದು ವರ್ಷದ ವೀಸಾನ ಸಾಯುವ ಪಾಸ್‌ಪೋರ್ಟಿನ ಮೇಲೆ ತಗೊಂಡು ಆಮೇಲೆ ಹಳೇದು ಹೊಸದು ಎರಡೂ ಹಿಡಿದು ಓಡಾಡೋದು ಯಾಕೆ ಅಂತ ಮೊದಲೇ ಹೊಸದು ಮಾಡಿಸಿದೆ. ಮೈಸೂರಿಗೆ ಹೋದೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಅನ್ನೋದು ದೇಶದಲ್ಲಿ ಮೊದಲು ಶುರುವಾದ ಊರುಗಳಲ್ಲಿ ಮೈಸೂರೂ ಒಂದು, 2017ರ ಜನವರಿಯಲ್ಲಿ. 36 ಪುಟದ್ದಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ಹೋಗಿ ಬರೋದು ಜಾಸ್ತಿ ಇದ್ದರೆ 60 ಪುಟದ್ದೇ ತಗೊಳ್ಳಿ. ಪೊಲೀಸ್ ವೆರಿಫಿಕೇಷನ್ ನಮ್ಮ ಠಾಣೆಯಲ್ಲೇ ಆಯ್ತು, ಬಂದವರು ಕಾಫಿ ಕುಡಿದು ನೆಂಟರ ವಿಚಾರವನ್ನೂ ಮಾತಾಡಿ ಹೋದರು.

ಆಮೇಲೆ ಹೆಸರಿನ ರಗಳೆ. ಪಾಸ್‌ಪೋರ್ಟಲ್ಲಿ ನನ್ನ ಹೆಸರಿನ ಜೊತೆ ಮನೆತನದ ಹೆಸರು ಪೂರ್ತಿ ಇದೆ. ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಜರ್ಮನಿಯ ಕಾಂಟ್ರಾಕ್ಟಿನಲ್ಲಿ ಮನೆತನದ ಹೆಸರು ಮೊದಲು, ನನ್ನ ಹೆಸರು ಆಮೇಲೆ. ಕೊಡಗಿನವರಿಗೆ ಇದೇನು ಹೊಸದಲ್ಲ, ಅಲ್ವಾ. ಸೋಮವಾರಪೇಟೆಯಲ್ಲಿ ನೋಟರಿ ಹತ್ತಿರ ಇ-ಸ್ಟ್ಯಾಂಪ್ ಕಾಗದದ ಮೇಲೆ ಈ ಮೂರೂ ಹೆಸರು ಒಬ್ಬಳದ್ದೇ ಅಂತ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿದೆ. ಎರಡು ಮೂಲ ಪ್ರತಿ ಮಾಡಿಸಿಡಿ. ಕಡಿಮೆ ಖರ್ಚು, ತುಂಬಾ ಕೆಲಸಕ್ಕೆ ಬರುತ್ತೆ.

ಕೆಲಸದ ದಾಖಲೆಗಳಿಗೆ ಬರೋಣ. ಸಂಬಳದವರಿಗೆ ಕಂಪನಿಯ ಒಂದು ಪತ್ರ ಸಾಕು, ಹೊರಗಿನಿಂದ ಕೆಲಸ ಮಾಡೋಕೆ ಒಪ್ಪಿಗೆ ಇದೆ ಅಂತ ಅದರಲ್ಲಿ ಸ್ಪಷ್ಟವಾಗಿ ಇರಬೇಕು. ನನ್ನಂಥ ಕಾಂಟ್ರಾಕ್ಟ್‌ನವರು ಕೆಲಸ ನಿಜ, ದುಡ್ಡು ನಿಜ ಅಂತ ತುಂಡುತುಂಡಾಗಿ ತೋರಿಸಬೇಕು. ಕಾಂಟ್ರಾಕ್ಟ್, ಇನ್‌ವಾಯ್ಸ್‌ಗಳು, ಹೊರದೇಶದಿಂದ ದುಡ್ಡು ಬಂದಿದ್ದಕ್ಕೆ ಬ್ಯಾಂಕ್ ಕೊಡುವ ಎಫ್‌ಐಆರ್‌ಎ, ಮಾಡಿದ ಕೆಲಸದ ಪೋರ್ಟ್‌ಫೋಲಿಯೋ, ಐಟಿ ರಿಟರ್ನ್. ಇಲ್ಲಿ ಒಂದು ವಿಷಯ ಗಮನಿಸಿ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿಎ ಅಡಿ ರಿಟರ್ನ್ ಹಾಕಿದವರಾದರೆ ಬಂದ ದುಡ್ಡಿನ ಅರ್ಧವನ್ನೇ ಆದಾಯ ಅಂತ ತೋರಿಸಿರುತ್ತೀರಿ. ಕಾನೂನು ಪ್ರಕಾರ ಸರಿಯೇ. ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿ ಅದನ್ನಿಟ್ಟು ನೋಡುವ ವಿದೇಶಿ ಅಧಿಕಾರಿಗೆ ಲೆಕ್ಕ ತಾಳೆ ಆಗಲ್ಲ. ಕುಶಾಲನಗರದ ನಮ್ಮ ಆಡಿಟರ್ ಅರ್ಧ ಪುಟದ ಪತ್ರದಲ್ಲಿ ಅದನ್ನು ವಿವರಿಸಿ ಸೀಲ್ ಹಾಕಿ ಕೊಟ್ಟರು.

ಅತಿ ಹೆಚ್ಚು ತಲೆ ತಿಂದಿದ್ದು ಬ್ಯಾಂಕ್. ಯಾವ ಬ್ಯಾಂಕ್ ಅಂತ ಹೇಳಲ್ಲ. ಸ್ಟೇಟ್‌ಮೆಂಟಿಗೆ ಸೀಲು, ಸಹಿ, ಜೊತೆಗೆ ಇಂಗ್ಲಿಷಿನಲ್ಲಿ ಬ್ಯಾಲೆನ್ಸ್ ಸರ್ಟಿಫಿಕೇಟ್ ಬೇಕು ಅಂದೆ. ಒಂದು ದಿನ ಸರ್ವರ್ ಇಲ್ಲ. ಇನ್ನೊಂದು ದಿನ ಸಹಿ ಹಾಕುವವರು ರಜೆ. ಮತ್ತೊಂದು ದಿನ ಲೆಟರ್‌ಹೆಡ್ ಖಾಲಿ. ಕೊನೆಗೆ ಸಿಕ್ಕಿದ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು ಮೊದಲು, ನನ್ನದು ಎರಡನೇದು. ಜಂಟಿ ಖಾತೆ ಅಲ್ವಾ, ಹಾಗೇ ಬರುತ್ತೆ ಅಂದರು.

ಇನ್ನು ಎಲ್ಲಿ ಹಾಕಬೇಕು ಅನ್ನೋದು. ಅರ್ಜಿ ಹಾಕುವಾಗ ನೀವು ಥಾಯ್ಲೆಂಡಿನ ಹೊರಗೆ ಇರಬೇಕು. ಲಾವೋಸಿನ ವಿಯೆಂಟಿಯಾನ್‌ಗೆ ಹೋಗಿ ಹಾಕಿ, ಅಲ್ಲಿ ಸುಲಭ ಅಂತ ವಿಡಿಯೋ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಆ ಸಾಹಸ ಬೇಡವಾಗಿತ್ತು. ಮತ್ತೊಂದು ಕಾಗದ ಕೇಳಿದರೆ ವಿಯೆಂಟಿಯಾನ್‌ನ ಹೋಟೆಲಲ್ಲಿ ಕೂತು ಸೋಮವಾರಪೇಟೆ ನೋಟರಿಗೆ ಫೋನ್ ಮಾಡೋದಾ? ಭಾರತದಲ್ಲಿ ಥಾಯ್ ರಾಯಭಾರ ಕಚೇರಿ ದೆಹಲಿಯಲ್ಲಿದೆ, ಕಾನ್ಸುಲೇಟ್‌ಗಳು ಮುಂಬೈ, ಕೋಲ್ಕತ್ತಾ, ಚೆನ್ನೈಯಲ್ಲಿವೆ. ಕರ್ನಾಟಕದವರಿಗೆ ಚೆನ್ನೈ. 2025ರ ಜನವರಿ 1ರಿಂದ ಭಾರತದಲ್ಲೂ ಎಲ್ಲ ಇ-ವೀಸಾ, ಪಾಸ್‌ಪೋರ್ಟ್ ಕಳಿಸೋದೇನೂ ಇಲ್ಲ. ಜಾಲತಾಣದ ವಿಳಾಸ ಗೋ ಡಾಟ್ ಟಿಎಚ್ ಅಂತ ಮುಗಿಯಬೇಕು. ಹಾಗಿಲ್ಲದೇ ಇರೋದು ಏಜೆಂಟ್‌ಗಳದ್ದು.

2025ರಲ್ಲಿ ಮೇ ಕೊನೆಯಲ್ಲೇ ಮಳೆ ಹಿಡಿದುಬಿಟ್ಟಿತ್ತು. ನಾನು ಫೈಲ್ ಹಾಕಲು ಕೂತಿದ್ದು ಜುಲೈಯಲ್ಲಿ. ಸ್ಕ್ಯಾನರ್ ಇದ್ದ ಅಂಗಡಿಯಲ್ಲಿ ಕರೆಂಟ್ ಇಲ್ಲ, ಕಿಟಕಿ ಹತ್ತಿರ ಮೇಜು ಎಳೆದುಕೊಂಡು ಫೋನಿನಲ್ಲೇ ಸ್ಕ್ಯಾನ್ ಮಾಡಿದೆ. ಫೋಟೋ ಸ್ಟುಡಿಯೋದವರು ಕೊಟ್ಟ ಪ್ರಿಂಟಿಗೆ ಬೂಸು ಬಂದಿತ್ತು, ಹೊಸದು ತೆಗೆಸಿದೆ. ಬ್ಯಾಂಕಿನಿಂದ ಇಮೇಲಿಗೆ ಬರುವ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತೆ, ಅದನ್ನು ತೆಗೆದೇ ಹಾಕಿ, ಇಲ್ಲಾಂದ್ರೆ ಆ ಕಡೆ ಯಾರಿಗೂ ತೆರೆಯಲ್ಲ. ಫೈಲಿನ ಸೈಜಿಗೆ ಮಿತಿ ಇದೆ, ಕುಗ್ಗಿಸಿದ ಮೇಲೆ ಸೀಲಿನ ಅಕ್ಷರ ಓದೋಕಾಗುತ್ತಾ ಅಂತ ಒಮ್ಮೆ ದೊಡ್ಡದು ಮಾಡಿ ನೋಡಿ. ಈಗ ಇರುವ ಜಾಗಕ್ಕೆ ಪುರಾವೆ ಕೇಳ್ತಾರೆ, ನಾನು ಆಧಾರ್ ಹಾಕಿದೆ.

ಶುಲ್ಕದ ಮೂಲ ದರ 10,000 ಬಾತ್. ರೂಪಾಯಿಯಲ್ಲಿ ಎಷ್ಟು ಅಂತ ಆಯಾ ಕಚೇರಿ ನಿಗದಿ ಮಾಡುತ್ತೆ, ಕಟ್ಟುವ ದಿನ ಅವರದೇ ಜಾಲತಾಣದಲ್ಲಿ ನೋಡಿ. ವೀಸಾ ಕೊಡದಿದ್ದರೂ ಈ ದುಡ್ಡು ವಾಪಸ್ ಇಲ್ಲ. ಇನ್ನೊಂದು ವಿಷಯ, ಅರ್ಜಿ ಆನ್‌ಲೈನ್ ಆದರೂ ದುಡ್ಡು ಮಾತ್ರ ಅವರು ಗೊತ್ತು ಮಾಡಿದ ಕೇಂದ್ರದಲ್ಲೇ ಕಟ್ಟಬೇಕು. ನಾನು ಮಳೆಯಲ್ಲೇ ಬಸ್ ಹತ್ತಿ ಹೋಗಿ ಬಂದೆ. ಶುಲ್ಕ ತಲುಪಿದ ದಿನದಿಂದ ಸುಮಾರು 14 ಕೆಲಸದ ದಿನ ಅಂತ ಅವರು ಹೇಳ್ತಾರೆ. ನೀವು ಫಾರ್ಮ್ ತುಂಬಿದ ದಿನದಿಂದ ಅಲ್ಲ.

ಕೆಲಸದ ದಿನ ಅಂದ್ರೆ ಏನು ಅಂತ ಅರ್ಥವಾಗಿದ್ದು ಕಾಯುವಾಗ. ಅವರಿಗೆ ನಮ್ಮ ರಜೆಯೂ ಉಂಟು, ಅವರ ರಜೆಯೂ ಉಂಟು. ಜುಲೈ 28 ಅವರ ರಾಜರ ಹುಟ್ಟುಹಬ್ಬ. ಆಗಸ್ಟ್ 12 ರಾಜಮಾತೆಯ ಹುಟ್ಟುಹಬ್ಬ. ಆಗಸ್ಟ್ 15 ನಮ್ಮದು. ಇದರ ಮಧ್ಯೆ ಜುಲೈ 24ಕ್ಕೆ ಥಾಯ್ಲೆಂಡ್, ಕಾಂಬೋಡಿಯಾ ಗಡಿಯಲ್ಲಿ ಗುಂಡು ಹಾರತೊಡಗಿತು. ಟಿವಿಯಲ್ಲಿ ಬೆಳಗಿಂದ ಸಂಜೆವರೆಗೆ ಅದೇ. 28ಕ್ಕೆ ಕದನ ವಿರಾಮ ಆಗೋವರೆಗೂ ನಮ್ಮ ಮನೆಯಲ್ಲಿ ಗಡಿ ವಿವಾದದ ಬಗ್ಗೆಯೇ ಮಾತು. ನಾನು ಹೋಗಬೇಕೆಂದಿದ್ದ ಚಿಯಾಂಗ್ ಮಾಯ್ ಉತ್ತರದ ಮೂಲೆಯಲ್ಲಿದೆ, ಅಲ್ಲಿಗೂ ಆ ಗಡಿಗೂ ಎಷ್ಟೋ ದೂರ ಅಂತ ನಕ್ಷೆ ತೋರಿಸಿದೆ. ಅಪ್ಪ ನಕ್ಷೆ ನೋಡಿದರು. "ಮಡಿಕೇರಿಯೂ ದೂರ ಉಂಟು, ಆದ್ರೂ ಅಲ್ಲಿ ಗುಡ್ಡ ಜಾರಿದಾಗ ಇಲ್ಲಿ ನಮಗೆ ನಿದ್ದೆ ಇರಲಿಲ್ಲ" ಅಂದರು.

ಆಗಸ್ಟ್‌ನಲ್ಲಿ ಇಮೇಲ್ ಬಂತು. ವೀಸಾ ಅಲ್ಲ. ಹೆಚ್ಚಿನ ದಾಖಲೆ ಬೇಕಂತೆ. ಖಾತೆಯಲ್ಲಿರುವ ದುಡ್ಡು ನನ್ನದೇ ಅನ್ನೋದಕ್ಕೆ ಆಧಾರ ಏನು, ಏಪ್ರಿಲ್‌ನಲ್ಲಿ ಒಂದೇ ಸಲ ಬಂದ ದೊಡ್ಡ ಮೊತ್ತದ ಮೂಲ ಏನು.

ಏಪ್ರಿಲ್‌ನ ದೊಡ್ಡ ಮೊತ್ತ ಅಂದ್ರೆ ನಮ್ಮ ಕಾಫಿ. ಆ ವರ್ಷ ರೊಬಸ್ಟಾಗೆ ಯಾವತ್ತೂ ಕಾಣದ ರೇಟ್ ಇತ್ತು. ಎಲ್ಲರೂ ಕುಯ್ಲು ಮುಗಿದ ಕೂಡಲೇ ಮಾರಿದರೆ ಅಪ್ಪ ಇನ್ನೂ ಏರಲಿ ಅಂತ ಚೀಲ ಕಟ್ಟಿಟ್ಟು ಏಪ್ರಿಲ್‌ನಲ್ಲಿ ಕೊಟ್ಟರು. ದುಡ್ಡು ನೇರ ಜಂಟಿ ಖಾತೆಗೆ ಬಂತು. ನಮಗೆ ಇದರಲ್ಲಿ ವಿಶೇಷ ಏನೂ ಇಲ್ಲ. ವರ್ಷವೆಲ್ಲಾ ಖಾತೆ ಒಣಗಿರುತ್ತೆ, ಒಂದು ದಿನ ತುಂಬುತ್ತೆ. ಆದರೆ ವೀಸಾ ಕಚೇರಿಯ ಕಣ್ಣಿಗೆ ಅರ್ಜಿಗೆ ಸ್ವಲ್ಪ ಮೊದಲು ದಿಢೀರಂತ ಬಂದ ದುಡ್ಡು ಅಂದ್ರೆ ಯಾರೋ ಸಾಲ ಕೊಟ್ಟು ತೋರಿಸಿದ್ದು ಅನ್ನೋ ಅನುಮಾನ. ಅವರ ಪ್ರಶ್ನೆ ನ್ಯಾಯವಾದದ್ದೇ. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ಸ್ಟೋರ್ ರೂಮಿಗೆ ಹೋದೆ. ಅಪ್ಪ ಬಿಲ್ಲುಗಳನ್ನು ಗೋಡೆಯಲ್ಲಿ ನೇತಾಡುವ ಒಂದು ಕಂಬಿಗೆ ಚುಚ್ಚಿಡುತ್ತಾರೆ. ಗೊಬ್ಬರದ್ದು, ಡೀಸೆಲಿನದ್ದು, ಆಳುಗಳ ಲೆಕ್ಕ, ಮದುವೆ ಕರೆಯೋಲೆ, ಎಲ್ಲ ಅದರಲ್ಲೇ. ಮೇಲಿಂದ ಒಂದೊಂದೇ ಬಿಡಿಸುತ್ತಾ ಬಂದರೆ ಏಪ್ರಿಲ್‌ನ ಚೀಟಿ ಸಿಕ್ಕಿತು. ಚೀಲ ಎಷ್ಟು, 50 ಕೆಜಿಗೆ ರೇಟ್ ಎಷ್ಟು, ತೇವಾಂಶಕ್ಕೆ ಎಷ್ಟು ಕಳೆದದ್ದು, ಎಲ್ಲ ಇತ್ತು. ಹಿಂದುಗಡೆ ಅಪ್ಪನ ಪೆನ್ಸಿಲ್ ಗುಣಾಕಾರ. ಮಧ್ಯದಲ್ಲಿ ಕಂಬಿ ಚುಚ್ಚಿದ ತೂತು ಸರಿಯಾಗಿ ಒಟ್ಟು ಮೊತ್ತದ ಒಂದು ಸೊನ್ನೆಯ ಮೇಲೆ. ಥಂಡಿಗೆ ಶಾಯಿ ಹಬ್ಬಿ ವ್ಯಾಪಾರಿಯ ಸೀಲು ನೀಲಿ ಕಲೆಯಾಗಿತ್ತು. ಒಲೆ ಹತ್ತಿರ ಒಣಗಿಸಿದೆ, ಆದರೂ ಓದೋಕೆ ಬರಲಿಲ್ಲ. ಕೊನೆಗೆ ವ್ಯಾಪಾರಿಯ ಅಂಗಡಿಗೇ ಹೋದೆ. "ಅಣ್ಣ, ಏಪ್ರಿಲ್ ಲೋಡಿನ ಬಿಲ್ಲು ಕಂಪ್ಯೂಟರಲ್ಲಿ ಉಂಟಾ?" ಅಂದೆ. ಉಂಟು ಅಂದರು. ಇಂಗ್ಲಿಷಿನಲ್ಲೇ ಪ್ರಿಂಟ್ ತೆಗೆದು, ಹೊಸ ಸೀಲು ಹೊಡೆದು ಕೊಟ್ಟರು. ಯಾಕೆ ಅಂತ ಕೇಳಿದ್ದಕ್ಕೆ ಹೇಳಿದೆ. "ನಮ್ಮ ಕಾಫಿ ಬಿಲ್ಲು ಥಾಯ್ಲೆಂಡಿಗಾ!" ಅಂತ ಅಂಗಡಿಯಲ್ಲಿದ್ದ ಎಲ್ಲರಿಗೂ ಸಾರಿದರು.

ಬಿಲ್ಲಿನ ಜೊತೆ ತೋಟ ನಮ್ಮದು ಅನ್ನೋದಕ್ಕೆ ಪಹಣಿ ಬೇಕಲ್ಲ. ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ಮನೆತನಕ್ಕೆಲ್ಲ ಸೇರಿದ ಜಮೀನು, ಇರುವವರಿಗೆ ಗೊತ್ತಿರುತ್ತೆ, ಪಹಣಿಯಲ್ಲಿ ಮನೆತನದ ಯಜಮಾನ ಪಟ್ಟೆದಾರರ ಹೆಸರು ಮೊದಲು, ಆಮೇಲೆ ಕುಟುಂಬದವರ ಸಾಲು. ಅಪ್ಪನ ಹೆಸರು ಆ ಸಾಲಿನಲ್ಲಿ ಎಲ್ಲೋ. ಅದನ್ನು ಹಾಗೇ ಕಳಿಸಿದರೆ ಇನ್ನೂ ಹತ್ತು ಪ್ರಶ್ನೆ ಬರುತ್ತೆ ಅಂತ ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮಾಡಿಸಿ, ಅಪ್ಪನ ಸಾಲಿಗೆ ಗುರುತು ಹಾಕಿದೆ.

ಆಮೇಲೆ ನಾನೇ ಕೂತು ಒಂದು ಪುಟದ ಪತ್ರ ಬರೆದೆ. ಖಾತೆ ಜಂಟಿ. ಏಪ್ರಿಲ್‌ನ ಇಷ್ಟು ದುಡ್ಡು ಅಪ್ಪನ ಕಾಫಿಯದ್ದು, ಅದನ್ನು ನಾನು ನನ್ನದು ಅಂತ ಹೇಳುತ್ತಿಲ್ಲ. ಅದನ್ನು ಪೂರ್ತಿ ಕಳೆದರೂ ಉಳಿಯೋದು 5 ಲಕ್ಷ ಬಾತ್‌ಗಿಂತ ಜಾಸ್ತಿ. ಆ ಉಳಿದದ್ದು ಜರ್ಮನಿಯಿಂದ ಯಾವ್ಯಾವ ದಿನ ಬಂತು, ಯಾವ ಇನ್‌ವಾಯ್ಸಿಗೆ ಬಂತು ಅಂತ ಕೋಷ್ಟಕ. ಅಪ್ಪನಿಂದಲೂ ಒಂದು ಅಫಿಡವಿಟ್. ಕಾಫಿ ದುಡ್ಡನ್ನು ಸಮರ್ಥಿಸುವುದಕ್ಕಿಂತ ಲೆಕ್ಕದಿಂದಲೇ ಹೊರಗಿಡುವುದು ಸುಲಭ ಅಂತ ಹೇಳಿಕೊಟ್ಟಿದ್ದು ಆಡಿಟರ್. ಇಡೀ ಅರ್ಜಿಯಲ್ಲಿ ಕೆಲಸ ಮಾಡಿದ್ದು ಈ ಒಂದು ಪುಟವೇ ಅಂತ ನನ್ನ ನಂಬಿಕೆ.

ನಿಮಗೆ ಸಮಯ ಇದ್ದರೆ ಇಷ್ಟೆಲ್ಲ ಬೇಕಿಲ್ಲ. ಅರ್ಜಿಗೆ ಆರು ತಿಂಗಳು ಮೊದಲೇ ನಿಮ್ಮೊಬ್ಬರ ಹೆಸರಿನಲ್ಲಿ ಖಾತೆ ತೆರೆದು ಕೆಲಸದ ದುಡ್ಡು ಅಲ್ಲಿಗೇ ಬರೋ ಹಾಗೆ ಮಾಡಿ. ಕೊನೆ ಗಳಿಗೆಯಲ್ಲಿ ಜಂಟಿ ಖಾತೆಯಿಂದ ಎತ್ತಿ ಹಾಕಿದರೆ ಅದೂ ದಿಢೀರ್ ದುಡ್ಡೇ ಆಗುತ್ತೆ. ಎಫ್‌ಡಿ ಮಾತ್ರ ನಂಬಿ ಕೂರಬೇಡಿ, ಓಡಾಡುವ ಖಾತೆಯಲ್ಲೂ ಮೊತ್ತ ಕಾಣಲಿ. ಮತ್ತೆ ಸರಿಯಾಗಿ 5 ಲಕ್ಷ ಬಾತ್‌ಗೆ ನಿಲ್ಲಿಸಬೇಡಿ. ನಾನು ಕಾಯುತ್ತಿದ್ದಾಗಲೇ ರೂಪಾಯಿ ಇಳಿದು ಬಾತ್ ಏರಿತು, ಜುಲೈಗೆ ಸಾಕಾಗಿದ್ದು ಸೆಪ್ಟೆಂಬರಿಗೆ ಕಡಿಮೆ ಬೀಳುತ್ತಿತ್ತು. ಒಂದೆರಡು ಲಕ್ಷ ಮೇಲೇ ಇರಲಿ.

ಸೆಪ್ಟೆಂಬರಿನಲ್ಲಿ, ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ವಾರ, ಇಮೇಲ್ ಬಂತು. ಮನೆ ತುಂಬಾ ನೆಂಟರು, ಒಲೆ ಮೇಲೆ ಪಂದಿ ಕರಿ, ನಾನು ಅಂಗಳದ ತುದಿಯಲ್ಲಿ ಸಿಗ್ನಲ್ ಹುಡುಕುತ್ತಾ ಪಿಡಿಎಫ್ ತೆರೆದೆ. ಹೆಸರು, ಪಾಸ್‌ಪೋರ್ಟ್ ನಂಬರ್, ಮಲ್ಟಿಪಲ್ ಎಂಟ್ರಿ, ಐದು ವರ್ಷ. ಎಲ್ಲ ಸರಿ ಇದೆಯಾ ಅಂತ ಒಂದೊಂದೇ ಅಕ್ಷರ ಓದಿ ಆಮೇಲೆ ಒಳಗೆ ಹೋಗಿ ಹೇಳಿದೆ. ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಕಾಫಿ ರೇಟ್ ಎಷ್ಟಂತೆ?"

ಖರ್ಚಿನ ವಿಷಯ. ವೀಸಾ ಶುಲ್ಕ ಬಿಟ್ಟರೆ ದೊಡ್ಡದು ಯಾವುದೂ ಇಲ್ಲ. ಪಾಸ್‌ಪೋರ್ಟ್, ನೋಟರಿ, ಅನುವಾದ, ಆಡಿಟರ್, ಬಸ್ಸು, ಪ್ರಿಂಟು ಎಲ್ಲ ಸೇರಿ ಹತ್ತು ಸಾವಿರದ ಒಳಗೇ ಆಯ್ತು. ಏಜೆಂಟ್ ಒಬ್ಬರು ಇದರ ಎಷ್ಟೋ ಪಟ್ಟು ಕೇಳಿದ್ದರು. ಕೊಟ್ಟಿದ್ದರೂ ಕಂಬಿಯಿಂದ ಬಿಲ್ಲು ಬಿಡಿಸೋದು ನಾನೇ ತಾನೆ.

ಹೊರಡುವವರಿಗೆ ಇನ್ನೊಂದಿಷ್ಟು. 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವ ಎಲ್ಲ ವಿದೇಶಿಯರೂ ಟಿಡಿಎಸಿ ಅನ್ನೋ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಇಳಿಯುವ ಮೊದಲಿನ ಮೂರು ದಿನದೊಳಗೆ. ಉಚಿತ. ದುಡ್ಡು ಕೇಳುವ ಸೈಟ್ ಇದ್ದರೆ ಮುಚ್ಚಿಬಿಡಿ. ಕೌಂಟರಿನಲ್ಲಿ ಪಾಸ್‌ಪೋರ್ಟ್ ಜೊತೆ ವೀಸಾದ ಪ್ರಿಂಟನ್ನೂ ಕೊಡಿ, ಸೀಲಿನ ತಾರೀಕನ್ನು ಅಲ್ಲೇ ನಿಂತು ನೋಡಿಕೊಳ್ಳಿ. ವೀಸಾ ಇಲ್ಲದವರಿಗೆ ಹಾಕುವ ಕಡಿಮೆ ದಿನದ ಸೀಲು ಬಿದ್ದಿದ್ದರೆ ಆಗಲೇ ಹೇಳಬೇಕು, ಆಚೆ ಬಂದ ಮೇಲೆ ಕಷ್ಟ. ನನಗೆ 180 ದಿನವೇ ಸಿಕ್ಕಿತು. ನೀವು ಬಂದು ಉಳಿದ 24 ಗಂಟೆಯೊಳಗೆ ಮನೆ ಮಾಲೀಕರು ಟಿಎಂ30 ಅನ್ನೋ ಫಾರ್ಮಿನಲ್ಲಿ ಅದನ್ನು ಇಮಿಗ್ರೇಷನ್‌ಗೆ ತಿಳಿಸಬೇಕು. ಬಾಡಿಗೆ ಮಾತಾಡುವಾಗಲೇ ಇದನ್ನು ಕೇಳಿ, ಮಾಡಲ್ಲ ಅನ್ನೋ ಮನೆ ಬೇಡ. ದೇಶ ಬಿಟ್ಟು ಹೋಗದೆ 90 ದಿನ ದಾಟಿದರೆ ನೀವೂ ವಿಳಾಸ ವರದಿ ಮಾಡಬೇಕು. ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನ ಮುಟ್ಟಿದರೆ ಅಲ್ಲಿನ ತೆರಿಗೆ ನಿವಾಸಿ ಆಗ್ತೀರಿ. ಹೊರಗೆ ದುಡಿದು ಥಾಯ್ಲೆಂಡಿಗೆ ತರಿಸಿಕೊಂಡ ದುಡ್ಡಿಗೆ 2024ರಿಂದ ಅಲ್ಲಿ ತೆರಿಗೆ ಲೆಕ್ಕ ಉಂಟು. ಹೊರಡುವ ಮುಂಚೆ ನಿಮ್ಮ ಆಡಿಟರ್ ಹತ್ತಿರ ದಿನಗಳ ಲೆಕ್ಕ ಮಾತಾಡಿಕೊಳ್ಳಿ.

ಕೆಲಸದ ಸಮಯ ಮೊದಲೇ ಯೋಚಿಸಿ. ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ಜರ್ಮನಿಯವರ ಬೇಸಿಗೆಯ ಬೆಳಗ್ಗೆ 9 ಅಂದ್ರೆ ಊರಲ್ಲಿ ಹನ್ನೆರಡೂವರೆ, ನಾನೀಗಿರುವ ಥಾಯ್ಲೆಂಡಿನಲ್ಲಿ ಮಧ್ಯಾಹ್ನ ಎರಡು. ಅವರ ಗಡಿಯಾರ ಚಳಿಗಾಲಕ್ಕೆ ತಿರುಗಿದ ಮೇಲೆ ಮೂರು. ನನ್ನ ಲಾಗ್ ಆಫ್ ಈಗ ರಾತ್ರಿ ಹನ್ನೊಂದಕ್ಕೆ. ಬೆಳಗ್ಗೆ ಪೂರ್ತಿ ನನ್ನದು, ಅದೊಂದು ಲಾಭ. ದಾಖಲೆ ಜೋಡಿಸುತ್ತಿರುವವರು ಜಂಟಿ ಖಾತೆ, ಪಹಣಿ ಬಗ್ಗೆ ಏನಾದರೂ ಕೇಳೋದಿದ್ದರೆ ಆ ಹೊತ್ತಲ್ಲಿ ಕೇಳಿ, ಆ ಒಂದು ಪುಟದ ಪತ್ರದ ಮಾದರಿಯನ್ನೂ ಕಳಿಸುತ್ತೇನೆ.